ನೀರೊಳಗಿನ ಉಳಿ ಸದ್ದು

ಮಾಲೂರು ಸ್ಟೇಷನ್ನು

ಆ ದಿನ ಬೆಳಿಗ್ಗೆ ಮಾಲೂರು ಸ್ಟೇಷನ್ನಿನ ಬೇವಿನ ಮರದ ಕೆಳಗೆ ನಾವು ನಾಲ್ಕು ಜನ ಇದ್ದೆವು. ನಮ್ಮ ದೊಡ್ಡಪ್ಪ, ಅವರನ್ನು ಬಿಡಲು ಬಂದಿದ್ದ ದೊಡ್ಡಮ್ಮ, ನಾನು, ಮತ್ತು ಗಣೇಶ. ಗಣೇಶ ಎರಡಡಿ ಎತ್ತರದ ಕಪ್ಪು ಕಲ್ಲಿನವನು. ಮರದ ಪೆಟ್ಟಿಗೆಯಲ್ಲಿ ರಾಗಿ ಹುಲ್ಲಿನ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದ. ಅವನ ಇಲಿಯದ್ದು ಮಾತ್ರ ಬೇರೆ ಪ್ರಯಾಣ. ಅದು ದೊಡ್ಡಪ್ಪನ ಬಟ್ಟೆಚೀಲದಲ್ಲಿ, ರಾಗಿ ಹಿಟ್ಟಿನ ಗಂಟಿನ ಪಕ್ಕ ಕೂತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು ಇದು. ನಮ್ಮ ಶಿವಾರಪಟ್ಟಣದಲ್ಲಿ ಮನೆಮನೆಗೂ ವಿಗ್ರಹ ಕಡೆಯುವವರು. ದೊಡ್ಡಪ್ಪ ಅವರಲ್ಲಿ ಹಿರಿಯರು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ತಮಿಳರೊಬ್ಬರ ನಂಟರು ಸಿಂಹಳದಲ್ಲಿದ್ದರು. ಅಲ್ಲಿ ಸಮುದ್ರದ ದಂಡೆಯ ಹಳ್ಳಿಯೊಂದರಲ್ಲಿ ಹೊಸ ಗುಡಿ ಕಟ್ಟಿ, ಗಣೇಶ ದೊಡ್ಡಪ್ಪನ ಕೈಯಿಂದಲೇ ಆಗಬೇಕೆಂದು ಹೇಳಿ ಕಳಿಸಿದ್ದರು. ವಿಗ್ರಹ ಸಿದ್ಧವಾಗಿತ್ತು, ಕಣ್ಣೊಂದು ಬಿಟ್ಟು. ಗುಡಿಯಲ್ಲಿ ಕೂರಿಸಿದ ಮೇಲೆ ಮಾಡಿದವನೇ ಹೋಗಿ ಕಣ್ಣು ಬಿಡಿಸಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ಹಾಗಾಗಿ ಅರವತ್ತು ದಾಟಿದ ದೊಡ್ಡಪ್ಪ ಪರದೇಶಕ್ಕೆ ಹೊರಟಿದ್ದರು. ಪೆಟ್ಟಿಗೆಗೆ ಹೆಗಲು ಕೊಡಲು, ದಾರಿಯಲ್ಲಿ ಮುದ್ದೆ ತಿರುವಲು ಇಪ್ಪತ್ತೆರಡು ವರ್ಷದ ನಾನು.

"ಲೇ ನಂಜುಂಡ, ಅವರನ್ನ ನೀರ್ ಹತ್ರ ಬಿಡಬೇಡ ಕಣೋ," ಎಂದರು ದೊಡ್ಡಮ್ಮ.

"ಲಂಕೆಗೆ ಹೋಗ್ತಿದ್ದೀವಿ ದೊಡ್ಡಮ್ಮ. ಸುತ್ತ ನೀರೇ."

"ಹಂಗಾದ್ರೆ ನಟ್ಟನಡುವೆ ಕೂರ್ಸು."

ದೊಡ್ಡಪ್ಪನಿಗೆ ನೀರೆಂದರೆ ಆಗದು. ಅದಕ್ಕೆ ಕಾರಣ ನಮ್ಮೂರಿನ ಮೆಟ್ಟಿಲು ಬಾವಿ. ಕೆತ್ತುವಾಗ ಮುಕ್ಕಾದ ವಿಗ್ರಹ ಪೂಜೆಗೆ ಬರುವುದಿಲ್ಲ. ಅದನ್ನು ಆ ಬಾವಿಗೆ ಬಿಡುತ್ತಾರೆ, ಬಿಟ್ಟದ್ದನ್ನು ಮತ್ತೆ ಮೇಲೆತ್ತುವ ಹಾಗಿಲ್ಲ. ದೊಡ್ಡಪ್ಪ ಹದಿನೆಂಟನೆಯ ವಯಸ್ಸಿನಲ್ಲಿ ಒಬ್ಬರೇ ಕೂತು ಕಡೆದ ಮೊದಲನೆಯ ವಿಗ್ರಹವೂ ಗಣೇಶನೇ. ಕೊನೆಯ ದಿನ, ಇನ್ನೇನು ಉಳಿ ಕೆಳಗಿಡಬೇಕು ಎನ್ನುವ ಹೊತ್ತಿಗೆ, ಎಡಗಿವಿ ಹಾರಿಹೋಯಿತು. ತಾವೇ ಹೊತ್ತುಕೊಂಡು ಹೋಗಿ ಬಾವಿಗೆ ಬಿಟ್ಟು ಬಂದರು. ಅಂದಿನಿಂದ ಆ ಬಾವಿಯನ್ನು ಇಣುಕಿ ನೋಡಿದವರಲ್ಲ. ಬೇಸಿಗೆಯಲ್ಲಿ ಊರೆಲ್ಲ ಬಾವಿಗಿಳಿದರೂ ಅವರದು ಮನೆಯ ಹಂಡೆ ನೀರಿನ ಸ್ನಾನ.

ನಾವು ಹುಡುಗರಿಗೆ ಅದೇ ಬಾವಿ ಆಟದ ಜಾಗ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಅಲ್ಲಿ. ಪರಂಗಿ ಎಲೆಯ ದಂಟು ಒಳಗೆ ಟೊಳ್ಳಾಗಿರುತ್ತದೆ. ಅದರ ಒಂದು ತುದಿಯನ್ನು ಬಾಯಲ್ಲಿಟ್ಟು, ಇನ್ನೊಂದನ್ನು ನೀರಿನ ಮೇಲೆ ಬಿಟ್ಟು, ಮುಖ ಮುಳುಗಿಸಿಕೊಂಡು ತೇಲುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಆಟವೆಂದರೆ ತಳದ ಕತ್ತಲಿಗೆ ಇಳಿದು, ಕೈಗೆ ಸಿಕ್ಕ ದೇವರನ್ನು ಸವರಿ, ಮೇಲೆ ಬಂದು ಯಾರೆಂದು ಹೇಳುವುದು. ಸೊಂಡಿಲು ಸಿಕ್ಕಿ ಒಂದೇ ಕಿವಿ ಸಿಕ್ಕಿದರೆ "ದೊಡ್ಡಪ್ಪನವನು" ಎನ್ನುತ್ತಿದ್ದೆವು, ಅವರ ಕಿವಿಗೆ ಬೀಳದ ಹಾಗೆ.

ಧನುಷ್ಕೋಟಿ

ನಾಲ್ಕು ಕಡೆ ರೈಲು ಬದಲಾಯಿಸಿ ಧನುಷ್ಕೋಟಿಗೆ ಬಂದಾಗ ಬಿಸಿಲು ಏರಿತ್ತು. ಸಮುದ್ರ ನೋಡಿದ್ದು ನಾನು ಅದೇ ಮೊದಲು. ನಮ್ಮ ಕಡೆ ನೀರು ಎಂದರೆ ಕೆರೆ, ಕೆರೆ ಎಂದರೆ ಅದಕ್ಕೊಂದು ಕಟ್ಟೆ, ಕಟ್ಟೆಯಾಚೆ ಗದ್ದೆ. ಇಲ್ಲಿ ಕಣ್ಣು ಹೋಗಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ದೊಡ್ಡಪ್ಪ ಒಂದೇ ಸಲ ನೋಡಿ ಬೆನ್ನು ತಿರುಗಿಸಿದರು.

"ಒರೇಯ್, ಇದಕ್ಕೆ ಕಟ್ಟೆ ಯಾರೂ ಕಟ್ಟಿಲ್ವಾ?"

ಹಡಗಿನಲ್ಲಿ ಅವರು ಗಣೇಶನ ಪೆಟ್ಟಿಗೆಯ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ಕೂತರು. ಹಡಗು ತಿರುಗಿದಾಗಲೆಲ್ಲ ಅವರೂ ತಿರುಗಿದರು, ಆದರೆ ಎತ್ತ ತಿರುಗಿದರೂ ಎದುರಿಗೆ ಸಮುದ್ರವೇ. ಕೊನೆಗೆ ಟವೆಲನ್ನು ಮುಖದ ಮೇಲೆ ಹಾಕಿಕೊಂಡುಬಿಟ್ಟರು. ಗಾಳಿಗೆ ಹಾರಿ ಬಂದ ಹನಿ ತುಟಿಗೆ ತಾಗಿದಾಗ ಟವೆಲಿನೊಳಗಿಂದಲೇ ಹೇಳಿದರು: "ಇಷ್ಟೊಂದು ನೀರು. ಒಂದು ಮುದ್ದೆ ಮಾಡೋಕೆ ಬರಲ್ಲ."

ಆಚೆ ದಡದಲ್ಲಿ ಮತ್ತೆ ರೈಲು. ತಿರುಕೋಣಮಲೆ ಊರಿನವರೆಗೂ ಅದು ನಮ್ಮನ್ನು ಒಯ್ದಿತು. ಅಲ್ಲಿಂದ ನಾವು ಹೋಗಬೇಕಾದ ಹಳ್ಳಿಗೆ ಗಾಡಿ ಹೋಗುವ ದಾರಿಯೇ ಇರಲಿಲ್ಲ. ಹಳ್ಳಿಯವರು ದೋಣಿ ಕಳಿಸಿದ್ದರು.

ಕೊಲ್ಲಿ

ದೋಣಿಯವನ ಹೆಸರು ಅಂತೋನಿ. ನಲವತ್ತರ ಆಸುಪಾಸಿನ ಕರಿಯ, ಸಣ್ಣ ಮೈಯಿನ ಮನುಷ್ಯ. ಶಂಖ ಹೆಕ್ಕಲು ಸಮುದ್ರದ ತಳಕ್ಕೆ ಮುಳುಗುವುದು ಅವನ ಕಸುಬು. ಕುತ್ತಿಗೆಯಲ್ಲಿ ಶಿಲುಬೆಯ ದಾರವಿತ್ತು. ಗಣೇಶನ ಪೆಟ್ಟಿಗೆಯನ್ನು ದೋಣಿಗಿಳಿಸುವಾಗ ಅವನೂ ಹಣೆಗೆ ಎದೆಗೆ ಕೈ ಮುಟ್ಟಿಸಿಕೊಂಡ. ಅವನ ತಮಿಳು ನಮಗೆ ಮುಕ್ಕಾಲುಪಾಲು ತಿಳಿಯುತ್ತಿತ್ತು, ಉಳಿದದ್ದಕ್ಕೆ ಕೈ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹಳ್ಳಿಯ ಕೊಲ್ಲಿಗೆ ಬಂದೆವು. ಆ ಜಾಗ ಈಗಲೂ ಕಣ್ಣ ಮುಂದಿದೆ. ಎರಡು ಕಡೆಯಿಂದ ಬಂಡೆಗಳು ತೋಳು ಚಾಚಿ ಸಮುದ್ರವನ್ನು ಒಂದಿಷ್ಟು ತಬ್ಬಿಕೊಂಡಿದ್ದವು. ತೋಳಿನ ಹೊರಗೆ ಅಲೆಗಳ ರಾದ್ಧಾಂತ. ಒಳಗೆ ನೀರು ನಮ್ಮೂರ ಕೆರೆಯ ಹಾಗೆ ಸುಮ್ಮನಿತ್ತು. ಅಂಚಿನಲ್ಲಿ ಬಿಳಿ ಮರಳು, ಮರಳಿನ ಮೇಲೆ ತೆಂಗು, ತೆಂಗಿನ ಹಿಂದೆ ಸುಣ್ಣ ಬಳಿದ ಹೊಸ ಗುಡಿ. ಹಳ್ಳಿಯವರು ತಾಳ ಬಡಿದುಕೊಂಡು ದಡಕ್ಕೆ ಬಂದಿದ್ದರು. ಪ್ರತಿಷ್ಠೆಗೆ ಇನ್ನು ಮೂರೇ ದಿನ.

ಅಂತೋನಿ ದೋಣಿಯನ್ನು ಬಂಡೆಯೊಂದರ ಪಕ್ಕಕ್ಕೆ ತಂದ. ಬಂಡೆ ಕಟ್ಟೆಯ ಹಾಗೆ ಚಪ್ಪಟೆಯಾಗಿತ್ತು, ಪೆಟ್ಟಿಗೆ ಇಳಿಸಲು ಅದೇ ಅನುಕೂಲ. "ಕೂತಿರಿ, ಹಗ್ಗ ಕಟ್ಟುತ್ತೇನೆ" ಎಂದ. ನಾನು ಕೂತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಹತ್ತಿ ಇಳಿದದ್ದು ಎತ್ತಿನ ಗಾಡಿ. ಗಾಡಿ ಇನ್ನೂ ನಿಲ್ಲುವ ಮೊದಲೇ ಪಕ್ಕದಿಂದ ಹಾರುವುದು ನಮ್ಮ ವಯಸ್ಸಿನವರ ಗತ್ತು. ದಡದಲ್ಲಿ ಅಷ್ಟು ಜನ ನೋಡುತ್ತಿದ್ದರು. ಪಂಚೆ ಎತ್ತಿ ಕಟ್ಟಿ, ದೋಣಿಯ ಅಂಚಿಗೆ ಕಾಲು ಕೊಟ್ಟು ಬಂಡೆಗೆ ಹಾರಿದೆ.

ನಾನೇನೋ ಬಂಡೆಯ ಮೇಲೆ ನಿಂತೆ. ದೋಣಿ ಹಿಂದಕ್ಕೆ ಒದೆಸಿಕೊಂಡು ಒಂದು ಮಗ್ಗುಲಿಗೆ ವಾಲಿತು. ಅಂತೋನಿ ದೊಡ್ಡಪ್ಪನ ತೋಳು ಹಿಡಿದ. ಪೆಟ್ಟಿಗೆ ಹಿಡಿಯಲು ಮೂರನೆಯವರು ಇರಲಿಲ್ಲ. ಅದು ಜಾರಿ, ಅಂಚಿನ ಮೇಲೆ ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ನೀರಿಗೆ ಹೋಯಿತು. ಕೆಳಗೆಲ್ಲೋ ಬಂಡೆಗೆ ಬಡಿದ ಸದ್ದು ಕಾಲಿಗೆ ಬಂತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಹಲಗೆಗಳು ಒಂದೊಂದಾಗಿ ಮೇಲೆದ್ದವು. ಆಮೇಲೆ ರಾಗಿ ಹುಲ್ಲು. ಯಾವ ದೇಶದ ಸಮುದ್ರದ ಮೇಲೋ ಮಾಲೂರು ತಾಲ್ಲೂಕಿನ ರಾಗಿ ಹುಲ್ಲು ಹರಡಿಕೊಂಡು ತೇಲುತ್ತಿತ್ತು.

ಗಾಬರಿಯಾದರೆ ದೊಡ್ಡಪ್ಪನಿಗೆ ತೆಲುಗೇ ಬಾಯಿಗೆ ಬರುವುದು. "ಪೋಯಿಂದಿ ರಾ," ಎಂದರು. ಹೋಯಿತು ಕಣೋ. ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಡದಲ್ಲಿ ತಾಳ ನಿಂತಿತ್ತು.

ಗಾಜು ಮತ್ತು ಪರಂಗಿ ದಂಟು

ನಾನು ಆಗಲೇ ನೀರಿಗೆ ಹಾರಿದೆ. ಕಣ್ಣಿಗೆ ಉಪ್ಪು ಹೊಕ್ಕು ಖಾರ ಬಿದ್ದ ಹಾಗೆ ಉರಿಯಿತು, ಏನೂ ಕಾಣಲಿಲ್ಲ. ಅಂತೋನಿ ನನ್ನ ಜುಟ್ಟು ಹಿಡಿದು ಮೇಲಕ್ಕೆಳೆದ.

"ತಂಬಿ, ನೀನು ಈಜೋದಿಲ್ಲ. ಬಿಂದಿಗೆ ಇಳಿದ ಹಾಗೆ ಇಳೀತೀಯ. ಈಜು ಯಾರು ಕಲಿಸಿದರು?"

"ಬಾವಿ."

"ನೋಡಿದರೇ ಗೊತ್ತಾಗುತ್ತೆ," ಎಂದ.

ಮಾರನೆಯ ಬೆಳಿಗ್ಗೆ ಅವನು ತನ್ನ ಕಣ್ಣಗಾಜು ತಂದ. ಮರ ಕೆತ್ತಿದ ಎರಡು ಬಟ್ಟಲು, ಒಳಗೆ ಮರದ ಅಂಟಿನಿಂದ ಕೂರಿಸಿದ ಗಾಜು, ತಲೆಗೆ ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿ. ಸಿಂಗಪುರದ ಕಡೆಯಿಂದ ಬಂದ ಮೀನುಗಾರನೊಬ್ಬ ಕೊಟ್ಟದ್ದಂತೆ. ನಾನು ಗುಡಿಯ ಹಿಂದಿನ ಪರಂಗಿ ಗಿಡದಿಂದ ಎರಡು ದಂಟು ಕಿತ್ತು ತಂದೆ. ಅಂತೋನಿ ಅದನ್ನು ನೋಡಿ ನಕ್ಕ. ಆಮೇಲೆ ತಾನೂ ಒಂದನ್ನು ಬಾಯಿಗಿಟ್ಟು ಮುಖ ಮುಳುಗಿಸಿ ನೋಡಿದ. ಎದ್ದು, ಆ ದಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಗಾಜು ಹಾಕಿ, ದಂಟು ಕಚ್ಚಿ, ನೀರಿನ ಮೇಲೆ ಬೋರಲಾದೆ. ಅಲ್ಲಿ ಕಂಡದ್ದನ್ನು ಎಷ್ಟು ವರ್ಷಗಳಿಂದ ಎಷ್ಟು ಜನರಿಗೆ ಹೇಳಿದ್ದೇನೋ. ನಮ್ಮ ಬಾವಿಯಲ್ಲಿ ನೀರೊಳಗೆ ಕಣ್ಣು ಬಿಡುವುದೂ ಒಂದೇ, ಮುಚ್ಚುವುದೂ ಒಂದೇ. ಇಲ್ಲಿ ಬಿಸಿಲು ತಳದವರೆಗೂ ಇಳಿದು ಮರಳಿನ ಮೇಲೆ ಆಡುತ್ತಿತ್ತು. ಹವಳದ ಗುಡ್ಡೆಗಳು ಚಕ್ಕುಲಿ ಸುತ್ತಿ ಜೋಡಿಸಿದ ಹಾಗಿದ್ದವು. ಕೆಲವು ಜೇನುಹುಟ್ಟಿನ ಹಾಗೆ. ಅರಿಶಿನದ ಬಣ್ಣಕ್ಕೆ ಕಪ್ಪು ಅಂಚಿಟ್ಟ ಮೀನುಗಳು ಮದುವೆಗೆ ಹೊರಟ ಹೆಂಗಸರ ಹಾಗೆ ಗುಂಪಾಗಿ ಬಂದು, ನನ್ನನ್ನು ನೋಡಿ, ದಾರಿ ಬಿಟ್ಟು ಹೋದವು. ಬಳೆಯಂಗಡಿಯ ಗಾಜಿನ ಹಸಿರಿನದೊಂದು ದೊಡ್ಡ ಮೀನು ಗಿಣಿಯ ಕೊಕ್ಕಿನಂಥ ಬಾಯಿಂದ ಹವಳವನ್ನು ಕುಟುಕುತ್ತಿತ್ತು. ಟಕ್, ಟಕ್, ಟಕ್.

ನಾನು ಉಸಿರು ಹಿಡಿದು ಕೇಳಿದೆ. ಒಂದು ಮೀನಲ್ಲ, ಕೊಲ್ಲಿಯ ತುಂಬ ಆ ಸದ್ದಿತ್ತು. ಹತ್ತಿರದ್ದು ಗಟ್ಟಿಯಾಗಿ, ದೂರದ್ದು ಸಣ್ಣಗೆ. ಬೆಳಿಗ್ಗೆ ಹೊತ್ತು ನಮ್ಮೂರ ಬೀದಿಯಲ್ಲಿ ಮಲಗಿದ್ದಂತೆಯೇ ಇತ್ತು. ಎಲ್ಲ ಜಗಲಿಗಳಿಂದಲೂ ಉಳಿಯ ಸದ್ದು. ಮನೆ ಬಿಟ್ಟು ವಾರವಾಗಿತ್ತು. ದಂಟಿನೊಳಗೆ ನನ್ನ ಉಸಿರು ಬಿಕ್ಕಿತು.

ಗಣೇಶ ಕಂಡ. ಮೂರಾಳು ಆಳದಲ್ಲಿ, ಎರಡು ಹವಳದ ಗುಡ್ಡೆಗಳ ನಡುವೆ, ಮರಳಿನಲ್ಲಿ ಒರಗಿ ಕೂತಿದ್ದ. ಕಣ್ಣು ಬಿಡಿಸಿರದ ಮುಖ ಮೇಲಕ್ಕೆತ್ತಿತ್ತು. ಭುಜದ ಮೇಲೆ ಒಂದು ಸಣ್ಣ ಮೀನು ಆಗಲೇ ಮನೆ ಮಾಡಿಕೊಂಡ ಹಾಗೆ ಓಡಾಡುತ್ತಿತ್ತು. ಮುಳುಗಿ ಕೈಯಾಡಿಸಿದೆ. ಬಾವಿಯಲ್ಲಿ ಆಡಿದ ಆಟವೇ. ಸೊಂಡಿಲು ಇತ್ತು, ಮೋದಕ ಇತ್ತು, ನಾಲ್ಕು ಕೈ, ಹತ್ತೂ ಕಾಲ್ಬೆರಳು. ಬಲಗಿವಿ. ಎಡಗಿವಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದೂ ಇತ್ತು.

"ಎಲ್ಲಾ ಇದೆ ದೊಡ್ಡಪ್ಪ," ಎಂದು ಬಂಡೆಗೆ ಈಜಿ ಬಂದು ಹೇಳಿದೆ. ದಡದವರಿಗೆ ಜೀವ ಬಂತು. ಅಂತೋನಿ ಆಗಲೇ ಹಗ್ಗ ಸುತ್ತತೊಡಗಿದ.

ದೊಡ್ಡಪ್ಪ ತಲೆಯಾಡಿಸಿದರು. "ಕೈಗೆ ಸಿಗೋದು ಮುಕ್ಕು ಕಣೋ. ಬಿರುಕು ಕೈಗೆ ಸಿಗಲ್ಲ. ಬಂಡೆಗೆ ಬಡಿದಿದ್ದು ನಾನೇ ಕೇಳಿದ್ದೀನಿ. ಒಳಗೆ ಬಿರುಕು ಬಿಟ್ಟಿದ್ರೆ ಅವನು ಭಿನ್ನ. ನೀರಿಗೆ ಹೋದ ಭಿನ್ನ ಮೇಲಕ್ಕೆ ಬರಕೂಡದು."

"ಮೇಲೆ ತಂದು ತಟ್ಟಿ ನೋಡಿದರಾಯ್ತಲ್ಲ ಐಯಾ," ಎಂದ ಅಂತೋನಿ. "ನಿಮ್ಮ ಪಿಳ್ಳೆಯಾರ್ ಗಣೇಶನದ್ದು ಹೇಗೂ ಒಂದು ದಂತ ಮುರಿದದ್ದೇ."

"ಅದು ಅವನೇ ಮುರಕೊಂಡಿದ್ದು. ಇದು ನಾವು ಮುರಿದಿದ್ದಾಗುತ್ತೆ." ದೊಡ್ಡಪ್ಪ ಗುಡಿಯ ಕಡೆ ನೋಡಿದರು. "ಮೊದಲು ನಾದ ಕೇಳ್ಬೇಕು. ಆಮೇಲೆ ಎತ್ತೋದು."

ಕಲ್ಲಿನ ಕೆಲಸದವರಿಗೆ ಕಲ್ಲಿನ ಒಳಗು ತಿಳಿಯುವುದು ಕಿವಿಯಿಂದ. ಉಳಿಯ ಹಿಂಭಾಗದಿಂದ ತಟ್ಟಿದರೆ ಗಟ್ಟಿ ಕಲ್ಲು ಕಂಚಿನ ಹಾಗೆ ಹಾಡುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಒಡಕು ಮಡಕೆಯ ಹಾಗೆ ಬೊದ್ದೆನ್ನುತ್ತದೆ. ನಾನೂ ತಟ್ಟಬಲ್ಲೆ, ಆದರೆ ತೀರ್ಪು ಹೇಳುವ ಕಿವಿ ನನ್ನದಾಗಿರಲಿಲ್ಲ. ಆ ಕಿವಿ ದೊಡ್ಡಪ್ಪನದು. ದೊಡ್ಡಪ್ಪ ಬಂಡೆಯ ಮೇಲೆ, ಗಣೇಶ ನೀರೊಳಗೆ.

ಆ ಸಂಜೆ ಗುಡಿಯ ಜಗಲಿಯಲ್ಲಿ ಮುದ್ದೆ ತಿರುವಿದೆ. ಅಂತೋನಿಗೂ ಒಂದು ಇಟ್ಟೆ. ನುಂಗು ಎಂದರೆ ಅಗಿದ, ಅಗಿದು ಅಗಿದು ಕಣ್ಣಲ್ಲಿ ನೀರು ತುಂಬಿಕೊಂಡ. ದೊಡ್ಡಪ್ಪ ತಮ್ಮದನ್ನು ಮುಟ್ಟಿರಲಿಲ್ಲ. ಅವರನ್ನು ಮಾತಿಗೆಳೆಯಲು ನಾನು ಹೇಳಿದೆ: "ದೊಡ್ಡಪ್ಪ, ನೀರೊಳಗೆ ನಮ್ಮೂರೇ ಇದೆ. ಮೀನು ಹವಳ ಕಡೀತವೆ. ಥೇಟ್ ಉಳಿ ಸದ್ದು. ಆ ಬಂಡೆ ಹತ್ರದ್ದು ಈ ಬಂಡೆಗೆ ಕೇಳುತ್ತೆ."

ಅವರು ತಟ್ಟೆಯಿಂದ ತಲೆ ಎತ್ತಿದರು.

"ಅಷ್ಟು ಚೆನ್ನಾಗಿ ಕೇಳುತ್ತಾ?"

"ಕಿವಿ ಮುಳುಗಿಸಿದ್ರೆ ಕೇಳುತ್ತೆ."

ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುದ್ದೆ ಮುರಿದರು. "ಊರಲ್ಲಿ ನಿಮ್ಮ ದೊಡ್ಡಮ್ಮನಿಗೆ ಹೇಳಬೇಡ," ಎಂದರು.

ಮೂರನೆಯ ದಿನ

ಬಂಡೆಗೆ ಒಂದು ಕಡೆ ಮೆಟ್ಟಿಲಿನ ಹಾಗೆ ಇಳುಕಲಿತ್ತು. ಅಲ್ಲಿ ನೀರು ಎದೆಮಟ್ಟ. ದೊಡ್ಡಪ್ಪ ಜನಿವಾರ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಒಂದೊಂದೇ ಹೆಜ್ಜೆ ಇಳಿದರು. ಅಂತೋನಿ ಅವರ ಸೊಂಟ ಬಳಸಿ ಹಿಡಿದಿದ್ದ. ಪರಂಗಿ ದಂಟು ಬಾಯಲ್ಲಿಟ್ಟುಕೊಳ್ಳುವ ಮೊದಲು ದೊಡ್ಡಪ್ಪ ಕೇಳಿದರು:

"ಗಟ್ಟಿ ಕಲ್ಲು ನೀರೊಳಗೆ ಹೆಂಗೆ ಹಾಡುತ್ತೋ ನಾನೇನು ಕಂಡಿದ್ದೀನಾ?"

ಅವರೇ ಯೋಚಿಸಿ ಹೇಳಿದರು: "ಇಲಿ ತಗೊಂಡು ಬಾ."

ಒಂದೇ ಬಂಡೆಯಿಂದ ಕಡೆದ ಕಲ್ಲು ಅದು, ಗಣೇಶನದೂ ಇಲಿಯದೂ. ಬಟ್ಟೆಚೀಲದಲ್ಲಿ ಪೆಟ್ಟು ಬೀಳದೆ ಬಂದದ್ದು. ಇಲಿಯ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದೆವು. ಒಡೆಯನನ್ನು ಹುಡುಕಿಕೊಂಡು ಇಲಿ ತೂಗಾಡುತ್ತ ಕೆಳಗೆ ಹೋಗಿ ಅವನ ಪಾದದ ಹತ್ತಿರವೇ ಕೂತಿತು. ನಾನು ಗಾಜು ಬಿಗಿದು, ಉಳಿ ಹಿಡಿದು, ಬಿಂದಿಗೆಯ ಹಾಗೆ ಇಳಿದೆ.

ಮೊದಲು ಇಲಿಯ ಬೆನ್ನ ಮೇಲೆ ತಟ್ಟಿದೆ. ಸದ್ದು ಕಿವಿಯಿಂದ ಬಂತೋ ಹಲ್ಲಿನಿಂದ ಬಂತೋ ಹೇಳಲಾರೆ. ಸಣ್ಣ, ಚುರುಕು ಸದ್ದು. ಸುತ್ತಲಿನ ಮೀನುಗಳು ಕುಟುಕುವುದನ್ನು ನಿಲ್ಲಿಸಿದವು. ಆಮೇಲೆ ಗಣೇಶನ ಪೀಠ, ಹೊಟ್ಟೆ, ಹೆಗಲು. ಉಸಿರು ಮುಗಿದು ಮೇಲೆ ಬಂದಾಗ ದೊಡ್ಡಪ್ಪನ ನರೆತ ತಲೆ ಇನ್ನೂ ನೀರಿನಲ್ಲೇ ಇತ್ತು. ದಂಟಿನ ತುದಿಯಿಂದ ಉಸಿರು ಸುಂಯ್ ಎಂದು ಹೋಗಿ ಬರುತ್ತಿತ್ತು. ನಲವತ್ತು ವರ್ಷ ಬಾವಿಯ ಕಡೆ ಮುಖ ಮಾಡದ ಮನುಷ್ಯ ಸಮುದ್ರದಲ್ಲಿ ಮುಖ ಹುದುಗಿಸಿಕೊಂಡು, ಪಕ್ಕದ ಮನೆಯ ಮಾತು ಕೇಳುವವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ತಲೆ ಎತ್ತಿ, ದಂಟು ತೆಗೆದು, ಹೇಳಿದರು: "ಇನ್ನೊಂದ್ಸಲ ಹೋಗು. ಎಡಗಿವಿ ಮೇಲೆ. ಮೆಲ್ಲಗೆ."

ಹೋದೆ. ಎಡಗಿವಿಯ ಅಂಚಿಗೆ ಉಳಿ ತಾಗಿಸಿದೆ. ಒಂದು. ತಡೆದು, ಇನ್ನೊಂದು. ಸಾಲದೇನೋ ಎಂದು ಮೂರನೆಯದು.

ಮೇಲೆ ಬಂದು ಅವರ ಮುಖ ನೋಡುವ ಧೈರ್ಯವಾಗದೆ ಅಂತೋನಿಯ ಮುಖ ನೋಡಿದೆ. ಅವನಿಗೇನು ಗೊತ್ತು, ಅವನು ದೊಡ್ಡಪ್ಪನ ಮುಖ ನೋಡುತ್ತಿದ್ದ. ದೊಡ್ಡಪ್ಪನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎತ್ರೋ ಮೇಲಕ್ಕೆ," ಎಂದರು. ಆಮೇಲೆ ನನ್ನ ಹೆಗಲ ಮೇಲೆ ಒದ್ದೆ ಕೈ ಇಟ್ಟು, "ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ ಕಣೋ. ನೀನು ಬೀಳಿಸಿದ್ದು ಅವನಿಗೆ ಗೊತ್ತಿಲ್ಲ. ನಾವೂ ಹೇಳೋದು ಬೇಡ," ಎಂದರು.

ಇಬ್ಬರು ಹಗ್ಗ ಹಿಡಿದಿದ್ದರೆ ಸಾಕಿತ್ತು, ಹಳ್ಳಿಯೆಲ್ಲ ಹಿಡಿಯಿತು. ಗಣೇಶ ನೀರಿನಿಂದ ಎದ್ದು ಬಂದಾಗ ಮಡಿಲಲ್ಲಿ ಒಂದು ಹಿಡಿ ಮರಳೂ ಒಂದು ಏಡಿಯೂ ಇದ್ದವು. ಅಂತೋನಿ ಏಡಿಯನ್ನು ಎತ್ತಿ ನೀರಿಗೆ ಬಿಟ್ಟು, ಶಿಲುಬೆ ಮುಟ್ಟಿಕೊಂಡ. ಮಾರನೆಯ ದಿನ ಗುಡಿಯಲ್ಲಿ ಪರದೆ ಕಟ್ಟಿ ದೊಡ್ಡಪ್ಪ ಕಣ್ಣು ಬಿಡಿಸಿದರು. ನಾನು ಹೊರಗೆ ನಿಂತು ಉಳಿಯ ಸದ್ದು ಕೇಳಿದೆ.

ಹೊರಡುವ ದಿನ ದೊಡ್ಡಪ್ಪ ಅಂತೋನಿಗೆ ಮುಳುಗುಗಲ್ಲು ಮಾಡಿಕೊಟ್ಟರು. ತಳಕ್ಕಿಳಿಯುವಾಗ ಅವನು ಕಾಲಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮೊಂಡು ಕಲ್ಲನ್ನೇ ನುಣ್ಣಗೆ ಮಾಡಿ, ಹಗ್ಗ ಜಾರದಂತೆ ಕಂಠ ತೆಗೆದು, ಒಂದು ಮಗ್ಗುಲಲ್ಲಿ ಸಣ್ಣ ಮೀನು ಕೊರೆದಿದ್ದರು. ಅಂತೋನಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತನ್ನ ಕಣ್ಣಗಾಜನ್ನು ತೆಗೆದು ನನ್ನ ಕೈಗೆ ಹಾಕಿದ.

"ನಿನಗೆ, ತಂಬಿ. ನಿನ್ನ ಬಾವಿಗೆ," ಎಂದ.

ಮೆಟ್ಟಿಲು ಬಾವಿ

ಮುಂದಿನ ಬೇಸಿಗೆಯಲ್ಲಿ ಬಾವಿಯ ನೀರು ತಿಳಿಯಾಗಿ, ಎದೆಮಟ್ಟಕ್ಕೆ ಇಳಿದಿತ್ತು. ಒಂದು ಮಧ್ಯಾಹ್ನ ದೊಡ್ಡಪ್ಪ ಹಿತ್ತಿಲಿನ ಪರಂಗಿ ಗಿಡದಿಂದ ದಂಟು ಕಿತ್ತುಕೊಂಡು ನನ್ನ ಮುಂದೆ ನಿಂತರು.

"ಆ ಗಾಜು ತಗೊಂಡು ಬಾ. ಎಲ್ಲಿದ್ದಾನೆ ಅವನು, ತೋರ್ಸು."

ಕೈ ಹಿಡಿದು ಮೆಟ್ಟಿಲಿಳಿಸಿದೆ. ದೊಡ್ಡಮ್ಮ ಬಾವಿಯ ಕಟ್ಟೆಯ ಮೇಲೆ ನಿಂತು, ಇದೆಲ್ಲ ಆ ಲಂಕೆಯ ಸಹವಾಸ, ನಂಜುಂಡ ಕೆಟ್ಟ, ಜೊತೆಗೆ ಮುದುಕರನ್ನೂ ಕೆಡಿಸಿದ ಎಂದು ಬೈಯುತ್ತಿದ್ದರು. ಸೂರ್ಯ ನೆತ್ತಿಯ ಮೇಲಿದ್ದ, ಬಿಸಿಲು ನೆಟ್ಟಗೆ ತಳಕ್ಕೆ ಬೀಳುತ್ತಿತ್ತು. ದೊಡ್ಡಪ್ಪ ಗಾಜು ಬಿಗಿಸಿಕೊಂಡು, ದಂಟು ಕಚ್ಚಿ, ಮುಖ ಮುಳುಗಿಸಿದರು. ನಾನು ಅವರ ಸೊಂಟ ಹಿಡಿದಿದ್ದೆ. ದಂಟಿನಿಂದ ಉಸಿರು ಹೋಗಿ ಬರುವುದನ್ನು ಎಣಿಸುತ್ತ ನಿಂತೆ. ಎಣಿಕೆ ತಪ್ಪಿತು. ಅವರು ಏಳಲಿಲ್ಲ.

ಕೊನೆಗೆ ಎದ್ದರು. ಗಾಜು ಹಣೆಗೇರಿಸಿ ಮುಖ ಒರೆಸಿಕೊಂಡರು.

"ಇನ್ನೊಂದು ಕಿವಿ ಚೆನ್ನಾಗೇ ಮಾಡಿದ್ದೆ ಕಣೋ," ಎಂದರು.

ಆಮೇಲೆ ಗಾಜು ಬಿಚ್ಚಿ ಮೇಲಕ್ಕೆ ಚಾಚಿದರು. ದೊಡ್ಡಮ್ಮ ಬೈಗುಳ ನಿಲ್ಲಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.